ಸ್ಪೇನ್ ದೇಶದ ದಾರಿ ಹೇಳಿದ ಇಸ್ತ್ರಿ ಕಾಕಾ

ನನ್ನ ಮೊಮ್ಮಗಳು ಸ್ಪೇನ್ ದೇಶಕ್ಕೆ ಹೊರಟಿದ್ದಾಳೆ. ಓಟದ ಪಂದ್ಯಕ್ಕೆ! ಯಲ್ಲಾಪುರದ ಕೆಂಪು ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಓಡಿ ಬೆಳೆದ ಹುಡುಗಿ. ಸುದ್ದಿ ಬಂದ ದಿನ ನಾನು ಓಣಿಯ ಎಲ್ಲ ಮನೆಗೂ ಸಕ್ಕರೆ ಹಂಚಿದೆ. ಎರಡು ಮನೆಗೆ ಎರಡೆರಡು ಸಲ ಹಂಚಿದೆನಂತೆ, ನನಗೆ ಖಬರೇ ಇರಲಿಲ್ಲ.

ನಿನ್ನೆ ಅವಳು ನನ್ನ ಪಕ್ಕ ಕೂತು ಮೊಬೈಲಿನಲ್ಲಿ ಏನೋ ಓದತೊಡಗಿದಳು. ಸ್ಪ್ಯಾನಿಷ್ ಮಾತಾಡುವ ದೇಶಗಳಿಗೆ ಹೋಗುವವರು ಏನು ಮಾಡಬೇಕು, ಏನು ಮಾಡಬಾರದು ಅಂತ ಯಾರೋ ಬರೆದಿದ್ದಾರಂತೆ. ಮಧ್ಯಾಹ್ನ ಅಂಗಡಿ ಮುಚ್ಚಿರುತ್ತವೆ ಅಂತ ಓದಿದಳು. "ಐದರ ಮ್ಯಾಲ ತೆಗೀತಾರ" ಅಂದೆ. ಮಾಂಸ ಬೇಡ ಅಂತ ಹೇಳಿದರೆ ಅಂತ ಶುರು ಮಾಡಿದಳು. "ಹಂದಿ ಹಾಕಿ ಕೊಡ್ತಾರ" ಅಂದೆ. ಹುಡುಗಿ ಮೊಬೈಲು ಕೆಳಗಿಟ್ಟಳು.

"ಆಯೀ, ನಿನಗ ಹೆಂಗ ಗೊತ್ತು ಇವೆಲ್ಲಾ?"

"ನಂಗ ಇದನ್ನೆಲ್ಲಾ ಒಬ್ಬರು ಅರವತ್ತು ವರ್ಷದ ಹಿಂದನ ಅಂಗಿಗೆ ಇಸ್ತ್ರಿ ಹಾಕ್ಕೋತ ಹೇಳಿ ಮುಗಿಸ್ಯಾರ."

ಅವಳಿಗೆ ನನ್ನ ಅಕ್ಕನ ಬಾಣಂತನಕ್ಕೆ ನಾನು ಸ್ಪೇನಿಗೆ ಹೋಗಿದ್ದು ಗೊತ್ತು, ಇಸ್ತ್ರಿ ಕಾಕಾನ ವಿಷಯ ಗೊತ್ತಿರಲಿಲ್ಲ. ಬರೆ, ಓದಿಕೊಂಡು ಹೋಗುತ್ತೇನೆ ಅಂದಳು. ನಾನು ಮೂರನೇ ಇಯತ್ತೆ ಕಲಿತವಳು, ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಆದರೂ ಈ ಖುಷಿಯಲ್ಲಿ ಬರೆಯದೆ ಇರಲಿಕ್ಕೆ ಆಗುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಆಗಿನ ಶಿರಸಿಯಲ್ಲಿ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಇಸ್ತ್ರಿ ಕಾಕಾ ಅಂದರೆ ಮಾತ್ರ ಪೇಟೆಯ ನಾಯಿ ಸಹ ಮುಂದೆ ಮುಂದೆ ಹೋಗಿ ಅವರ ಅಂಗಡಿ ತೋರಿಸುತ್ತಿತ್ತು.

ನಮ್ಮ ಜಿಲ್ಲೆ ಮುಂಬಯಿ ಸರಕಾರ ಬಿಟ್ಟು ಮೈಸೂರಿಗೆ ಸೇರಿ ನಾಲ್ಕಾರು ವರ್ಷ ಆಗಿದ್ದ ಕಾಲ ಅದು. ನಮ್ಮಪ್ಪ ಬನವಾಸಿ ಕಡೆಯಿಂದ ಬಂದು ಶಿರಸಿಯಲ್ಲಿ ಬೆಲ್ಲ, ಮೆಣಸಿನಕಾಯಿ ಅಂಗಡಿ ಇಟ್ಟಿದ್ದರು. ರಸ್ತೆಯ ಆಚೆ ಕಾಕಾನ ಇಸ್ತ್ರಿ ಅಂಗಡಿ, ಅದರ ಗೋಡೆಗೆ ಹತ್ತಿ ಒಂದು ಚಹಾದ ಹೋಟೆಲು. ಕಾಕಾ ಘಟ್ಟದ ಕೆಳಗಿನವರು, ಮನೆಮಾತು ಕೊಂಕಣಿ. ಹುಡುಗನಿದ್ದಾಗಲೇ ಬೊಂಬಾಯಿಗೆ ಹೋಗಿ ಹಡಗು ಹತ್ತಿದ್ದರು. ಹಡಗಿನವರ ಚಾದರ, ಅಂಗಿ ಒಗೆದು ಇಸ್ತ್ರಿ ಹಾಕುವ ಕೆಲಸ. ಇಪ್ಪತ್ತೈದು ವರ್ಷ ಅದನ್ನು ಮಾಡಿ, ಯಂತ್ರದ ಸದ್ದಿಗೆ ಎಡಗಿವಿ ಹೋದ ಮೇಲೆ ಘಟ್ಟ ಹತ್ತಿ ಬಂದರು. ಕರಾವಳಿ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಅಂತ ಕೇಳಿದರೆ, "ಸಮುದ್ರ ಕಾಣದ ಊರು ಬೇಕಾಗಿತ್ತು ಮಾರಾಯ್ತಿ, ನೋಡಿ ನೋಡಿ ಕಣ್ಣು ಉಪ್ಪಾಗಿತ್ತು" ಅನ್ನುತ್ತಿದ್ದರು.

ಅವರ ಹಡಗು ಹೆಚ್ಚಾಗಿ ಹೋಗುತ್ತಿದ್ದದ್ದು ಅರ್ಜೆಂಟೀನಾ, ಉರುಗ್ವೆ, ಕ್ಯೂಬಾ ಕಡೆಗೆ. ಸ್ಪೇನಿನ ಬಂದರಿಗೂ ನಾಲ್ಕೈದು ಸಲ ಹೋಗಿದ್ದರಂತೆ. "ಎಲ್ಲ ಕಡೆ ಒಂದೇ ಭಾಷೆ. ಅದೊಂದು ಕಲಿತರೆ ಇಪ್ಪತ್ತು ದೇಶದಲ್ಲಿ ಊಟ ಸಿಗ್ತದೆ. ನಮ್ಮಲ್ಲಿ ಶಿರಸಿಯಿಂದ ಕುಮಟೆಗೆ ಇಳಿಯೋದರೊಳಗೆ ಮೂರು ಭಾಷೆ ಬೇಕು!"

ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಇದ್ದಾಗ ಮಾತ್ರ ಅವರ ಮಾತು. ಪೆಟ್ಟಿಗೆ ಎತ್ತಿ ಕೆಂಡ ಊದಲಿಕ್ಕೆ ಹೋದರೆಂದರೆ ಮಾತೂ ನಿಂತಿತು. ಹಾಗಾಗಿ ಒಂದು ಅಂಗಿಗೆ ಒಂದು ಕತೆ. ಕಾಲರಿನಿಂದ ಶುರುವಾಗಿ ತೋಳಿನಲ್ಲಿ ಮುಗಿಯಬೇಕು. ಮಡಿಕೆ ಬಿದ್ದ ಮೇಲೆ ಬ್ರಹ್ಮ ಬಂದು ಕೇಳಿದರೂ ಮುಂದೆ ಹೇಳುತ್ತಿರಲಿಲ್ಲ.

ಆದರೆ ಪೇಟೆಯಲ್ಲಿ ಅವರ ಮಾತು ನಂಬುವವರು ಯಾರೂ ಇರಲಿಲ್ಲ. ಮುಖ್ಯವಾಗಿ ಆ ಹೋಟೆಲಿನ ಮಾಲಕರು. ಗಿರಾಕಿಗಳ ಎದುರು ದೊಡ್ಡ ದನಿಯಲ್ಲಿ, "ಹಡಗಿನ ಹೊಟ್ಟೆಯೊಳಗೆ ಕೂತು ಚಾದರ ಒಗೆದವ ಇವ. ದೇಶ ಎಲ್ಲಿ ನೋಡಿದ? ಸಾಬೂನಿನ ನೊರೆ ನೋಡಿರಬೇಕು" ಅನ್ನುತ್ತಿದ್ದರು. ಅದೂ ಕಾಕಾನ ಬಲಗಿವಿ ಇರುವ ಕಡೆ ನಿಂತು! ಕಾಕಾ ನಕ್ಕು ಪೆಟ್ಟಿಗೆ ಒತ್ತುತ್ತಿದ್ದರು. ಆದರೆ ಆಮೇಲೆ ಎರಡು ಮೂರು ದಿನ ಯಾವ ಅಂಗಿಗೂ ಕತೆ ಇರುತ್ತಿರಲಿಲ್ಲ. ನಾನು ಎದುರಿನ ಅಂಗಡಿಯಿಂದ ಅದನ್ನೆಲ್ಲ ನೋಡುತ್ತಿದ್ದೆ.

ಈಗ ನಮ್ಮ ಅಕ್ಕನ ವಿಷಯಕ್ಕೆ ಬರುತ್ತೇನೆ. ಅಕ್ಕನನ್ನು ಟೈಪಿಂಗ್ ಕಲಿತು ದಿಲ್ಲಿಯಲ್ಲಿ ಸರಕಾರಿ ನೌಕರಿ ಹಿಡಿದ ಹುಡುಗನಿಗೆ ಕೊಟ್ಟಿತ್ತು. ದಿಲ್ಲಿಯಲ್ಲಿ ಮೊದಲ ಹೆರಿಗೆ. ನಮ್ಮವ್ವ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದಳು, ಬಾಣಂತನಕ್ಕೆ ಯಾರೂ ಹೋಗಲಿಕ್ಕೆ ಆಗಲಿಲ್ಲ. ಕೂಸು ಹತ್ತು ದಿನಕ್ಕೆ ಹೋಯಿತು. ಆಮೇಲೆ ಭಾವನಿಗೆ ಸ್ಪೇನ್ ದೇಶದ ಮ್ಯಾಡ್ರಿಡ್ ಪಟ್ಟಣದಲ್ಲಿದ್ದ ನಮ್ಮ ಸರಕಾರದ ರಾಯಭಾರ ಕಚೇರಿಗೆ ವರ್ಗ ಆಯಿತು. ಅಲ್ಲಿ ಅಕ್ಕ ಮತ್ತೆ ಬಸುರಿಯಾದಳು. ಅವಳ ಕಾಗದದಲ್ಲಿ ಒಂದೇ ಮಾತು: "ತಂಗಿ ನನ್ನ ಹತ್ತಿರ ಇದ್ದರೆ ಈ ಕೂಸು ಉಳಿಯುತ್ತದೆ. ಇಲ್ಲದಿದ್ದರೆ ನನಗೆ ಧೈರ್ಯವಿಲ್ಲ."

ನನಗೆ ಆಗ ಹತ್ತೊಂಬತ್ತು. ಸಿದ್ದಾಪುರದ ಸೋದರತ್ತೆಯ ಕೈಕೆಳಗೆ ಎಷ್ಟೋ ಬಾಣಂತನ ಮಾಡಿದ್ದೆ. ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ಎರೆಯುವುದು, ಬಾಣಂತಿಗೆ ಅಳವಿ ಪಾಯಸ, ಅಂಟಿನ ಉಂಡೆ, ಎಲ್ಲ ಬರುತ್ತಿತ್ತು. ಅಪ್ಪ ವಾರಗಟ್ಟಲೆ ನಿದ್ದೆಗೆಟ್ಟು ಕಡೆಗೆ ಒಪ್ಪಿದರು. ಲಂಡನ್ನಿಗೆ ಹೋಗುವ ಬೊಂಬಾಯಿಯ ಒಂದು ಕುಟುಂಬದ ಜೊತೆ ಹಡಗಿನಲ್ಲಿ ಜಿಬ್ರಾಲ್ಟರ್ ತನಕ ಹೋಗುವುದು. ಅಲ್ಲಿಂದ ಸಣ್ಣ ದೋಣಿಹಡಗು ಹತ್ತಿದರೆ ಒಂದು ತಾಸಿಗೆ ಸ್ಪೇನಿನ ಬಂದರು. ಅಲ್ಲಿಗೆ ಭಾವ ಬರುತ್ತಾನೆ.

ಅಪ್ಪ ಇದನ್ನು ರಸ್ತೆ ದಾಟಿ ಹೋಗಿ ಕಾಕಾಗೆ ಹೇಳಿದರು. "ಎಲ್ಲಾ ವ್ಯವಸ್ಥಾ ಆಗೇತ್ರಿ. ಅಳಿಯಾ ಬಂದರಿಗೆ ಬರ್ತಾನ. ಇಕಿ ಬೆಲ್ಲದ ಪೆಂಟಿ ಹಂಗ ಇಳಿದರ ಸಾಕು."

ಕಾಕಾ ಪೆಟ್ಟಿಗೆ ಎತ್ತಲಿಲ್ಲ. "ಅಳಿಯ ಬರದೇ ಇದ್ರೆ ಪೆಂಟೆ ಎಂತ ಮಾಡ್ತದೆ ಸಾವ್ಕಾರ್ರೇ?"

"ಶುಭಾ ನುಡೀರಿ!"

"ಶುಭವೇ ನುಡೀತಾ ಇದ್ದೇನೆ. ದಿನಾ ಒಂದು ತಾಸು ಹುಡುಗೀನ ಕಳಿಸಿ. ನಲವತ್ತು ದಿನ ಉಂಟು."

ಹೋಟೆಲಿನವರು ಒಲೆಯ ಹಿಂದಿನಿಂದ, "ಕಳಿಸಿ ಕಳಿಸಿ, ನೊರೆ ಮಾಡಲಿಕ್ಕೆ ಕಲೀತಾಳೆ" ಅಂದರು. ಅಪ್ಪನಿಗೂ ನಂಬಿಕೆ ಇರಲಿಲ್ಲ. ಆದರೆ ಮಗಳನ್ನು ಸಮುದ್ರದಾಚೆ ಕಳಿಸುವವರು ಯಾವ ತಾಯಿತ ಕೊಟ್ಟರೂ ಕಟ್ಟಿಸಿಕೊಳ್ಳುತ್ತಾರೆ. ಕಳಿಸಿದರು.

ಮೊದಲನೇ ಪಾಠವೇ ನನ್ನ ಮರ್ಯಾದೆ ತೆಗೆಯಿತು. ನಾನು ವಾರಕ್ಕೊಮ್ಮೆ ಸೋದರತ್ತೆಯ ಮನೆಗೆ ಸಿದ್ದಾಪುರದ ಬಸ್ಸು ಹತ್ತುತ್ತಿದ್ದೆ. ಕಾಕಾ ಅಂಗಡಿ ಮುಚ್ಚಿ ನನ್ನ ಹಿಂದೆಯೇ ಬಸ್‌ಸ್ಟ್ಯಾಂಡಿಗೆ ಬಂದರು.

"ಹತ್ತಿದ ಕೂಡಲೇ ಎಲ್ಲರಿಗೂ ಕೇಳೋ ಹಾಗೆ 'ಬ್ವೇನಾಸ್ ತಾರ್ದೇಸ್' ಅನ್ನು. ಮಧ್ಯಾಹ್ನದ ನಮಸ್ಕಾರ ಅದು."

"ಎಲ್ಲಾರೂ ನಗ್ತಾರ್ರಿ ಕಾಕಾ."

"ನಗಲಿ. ಆ ದೇಶದಲ್ಲಿ ರೈಲಿನ ಡಬ್ಬಿಗೆ ಹತ್ತಿ ಸುಮ್ಮನೆ ಕೂತವರನ್ನ ಒಂದಾ ಕಳ್ಳರು ಅಂತಾರೆ, ಇಲ್ಲಾ ಸೊಕ್ಕಿನವರು ಅಂತಾರೆ. ಎರಡೂ ನಿನಗೆ ಬೇಡ. ಮೊದಲು ನಮಸ್ಕಾರ, ಆಮೇಲೆ ಸೀಟು."

ಹತ್ತಿದೆ. ಸೊಳ್ಳೆಯ ದನಿಯಲ್ಲಿ ಅಂದೆ. ಕಿಟಕಿಯ ಹೊರಗಿನಿಂದ ಕಾಕಾ, "ನನ್ನ ಬಲಗಿವಿ ಸರಿ ಉಂಟು, ಆದರೂ ಕೇಳ್ಲಿಲ್ಲ!" ಅಂತ ಕೂಗಿದರು. ಕಣ್ಣು ಮುಚ್ಚಿ ಜೋರಾಗಿ ಅಂದುಬಿಟ್ಟೆ. ಇಡೀ ಬಸ್ಸು ನನ್ನ ಕಡೆ ತಿರುಗಿತು. ಮುಂದಿನ ಸೀಟಿನಲ್ಲಿದ್ದ ಹವ್ಯಕರ ಹೆಂಗಸು ಪಕ್ಕದವರಿಗೆ, "ಎಂತ ಹೇಳ್ತು ಈ ಕೂಸು? ಮೈಮೇಲೆ ಬಂತನ?" ಅಂದರು. ಕಂಡಕ್ಟರು, "ತಂಗೀ, ನೀ ಹೇಳಿದ ಊರಿಗೆ ನಮ್ಮ ಗಾಡಿ ಹೋಗೂದಿಲ್ಲ" ಅಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸಿದ್ದಾಪುರ ಬರುವ ತನಕ ನಾನು ತಲೆ ಎತ್ತಲಿಲ್ಲ. ಆದರೆ ನಾಲ್ಕನೇ ವಾರಕ್ಕೆ ನೋಡಿ, ನಾನು ಮೆಟ್ಟಿಲ ಮೇಲೆ ಕಾಲಿಡುವ ಮೊದಲೇ ಕಂಡಕ್ಟರು "ಬ್ವೇನಾಸ್" ಅಂದ, ಹಿಂದಿನ ಸೀಟಿನ ಮುದುಕಪ್ಪ ಒಬ್ಬ "ತಾರ್ದೇಸ್" ಅಂತ ಮುಗಿಸಿದ!

ಉಳಿದ ಪಾಠಗಳು ಅಂಗಡಿಯಲ್ಲೇ. ಕೆಲವು ನೆನಪಾದ ಹಾಗೆ ಬರೆಯುತ್ತೇನೆ, ಮೊಮ್ಮಗಳಿಗೂ ಆಗುತ್ತದೆ.

ಮಾಂಸ ಬೇಡ ಅಂದರೆ ಹಂದಿಯ ಚೂರು ಹಾಕಿ ಕೊಡುತ್ತಾರೆ. "ಅವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ, ನಮ್ಮಲ್ಲಿ ಉಪ್ಪಿನಕಾಯಿ ಇದ್ದ ಹಾಗೆ. ಬೇಡದ್ದರ ಹೆಸರು ಒಂದೊಂದಾಗಿ ಹೇಳು. ಹಂದಿ ಬೇಡ, ಮೀನು ಬೇಡ, ಕೋಳಿ ಬೇಡ, ತತ್ತಿ ಬೇಡ. ಅಯ್ಯೋ ಪಾಪ ಏನೋ ಕಾಯಿಲೆ ಅಂತ ತಿಳ್ಕೊಂಡು ರೊಟ್ಟಿ, ಕಡಲೆಕಾಳು ಕೊಡ್ತಾರೆ. ಕಾಯಿಲೆ ಅಂತಲೇ ತಿಳೀಲಿ. ಊಟ ಮುಖ್ಯ, ವಾದ ಅಲ್ಲ."

ಮಧ್ಯಾಹ್ನ ಎರಡರಿಂದ ಐದರ ತನಕ ಊರಿಗೆ ಊರೇ ಬಾಗಿಲು ಹಾಕುತ್ತದೆ. ಯಾರೋ ಸತ್ತಿದ್ದಾರೆ ಅಂತ ಹೆದರಬೇಡ, ಮಲಗಿದ್ದಾರೆ. ಏನು ಕೆಲಸ ಇದ್ದರೂ ಬೆಳಿಗ್ಗೆ ಮುಗಿಸು.

ದಾರಿ ಕೇಳಿದರೆ ಆ ಜನ ಗೊತ್ತಿಲ್ಲ ಅನ್ನುವುದಿಲ್ಲ, ಗೊತ್ತಿಲ್ಲ ಅನ್ನಲಿಕ್ಕೆ ಅವರಿಗೆ ನಾಚಿಕೆ. ಮೂರು ಜನರನ್ನು ಕೇಳು. ಇಬ್ಬರು ಒಂದೇ ಕಡೆ ಕೈ ತೋರಿಸಿದರೆ ಅತ್ತ ಹೋಗು. ಸುಮ್ಮನೆ ನಿಂತ ಗಂಡಸರನ್ನು ಕೇಳಬೇಡ, ಏನಾದರೂ ಮಾರುತ್ತಾ ಕೂತ ಹೆಂಗಸರನ್ನು ಕೇಳು.

ರೈಲಿನ ಡಬ್ಬಿಯಲ್ಲಿ ಬುತ್ತಿ ಬಿಚ್ಚಿದರೆ ಮೊದಲು ಎಲ್ಲರಿಗೂ ಬೇಕಾ ಅಂತ ಕೇಳಬೇಕು. ಅವರು ಕೇಳಿದರೆ ಮೊದಲನೇ ಸಲ ಬೇಡ ಅನ್ನಬೇಕು, ಎರಡನೇ ಸಲ ತೆಗೆದುಕೊಳ್ಳಬೇಕು. ಇದನ್ನು ಹೇಳುವಾಗ ನಾನು ನಕ್ಕೆ. "ಇದನ್ನ ನಮಗ ಕಲಿಸಬೇಕೇನ್ರಿ ಕಾಕಾ?" ಅಂದೆ. "ಕಲಿಸಬೇಡ್ವಾ? ಹಾಗಾದ್ರೆ ಇವತ್ತಿನ ಅಂಗಿ ಉಳೀತು" ಅಂತ ಮಡಿಚಿಟ್ಟರು.

ಇನ್ನೊಂದು ಮಾತು ನನ್ನ ಎದೆಯಲ್ಲಿ ಕೂತಿದೆ. "ಬರ್ತೇನೆ ಅಂದವರಿಗೆ ಒಂದು ಗಂಟೆ ಕಾಯಿ. ಎರಡನೇ ಗಂಟೆ ಕಾಯಬೇಡ. ಎರಡನೇ ಗಂಟೆಯಲ್ಲಿ ಅಳು ಬರ್ತದೆ. ಅಳುವವರ ಹತ್ತಿರ ಮೊದಲು ಬರೋದು ಮೋಸಗಾರರು."

ಕುಡಿಯುವ ವಿಷಯ ಬಂದಾಗ ಮಾತ್ರ ಅವರ ಮುಖ ಗಂಭೀರ ಆಯಿತು. ನಾವು ಲಿಂಗ ಕಟ್ಟಿದ ಮನೆಯವರು, ಎಂಜಲು ನಮಗೆ ಆಗದು ಅಂತ ಅವರಿಗೆ ಗೊತ್ತಿತ್ತು. ಅರ್ಜೆಂಟೀನಾದಲ್ಲಿ ಒಂದು ಬುರುಡೆಯಲ್ಲಿ ಸೊಪ್ಪಿನ ಕಷಾಯ ಮಾಡಿ ಒಂದೇ ಕೊಳವೆಯಲ್ಲಿ ಹತ್ತು ಜನ ಸರದಿಯಲ್ಲಿ ಚೀಪುತ್ತಾರಂತೆ. ಕೇಳಿ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. "ಭಾಷೆ ಒಂದೇ ಅಂದಮೇಲೆ ರೂಢಿನೂ ಒಂದೇ ಇರ್ತದೆ. ಸ್ಪೇನಿನ ರೈಲಲ್ಲಿ ಯಾರಾದ್ರೂ ಕುಡಿಯಲಿಕ್ಕೆ ಕೊಟ್ರೆ ಹೊಟ್ಟೆ ಮುಟ್ಟಿಕೊಂಡು ತಲೆ ಅಲ್ಲಾಡಿಸು. ನಿನ್ನ ತಂಬಿಗೆ ನಿನ್ನ ಹತ್ತಿರ ಇರಲಿ" ಅಂದರು.

ಹೊರಡುವ ಹಿಂದಿನ ದಿನ ನಮ್ಮ ಮನೆಗೇ ಬಂದರು, ಕೈಯಲ್ಲಿ ಒಂದು ಸಣ್ಣ ಶೀಷೆ. ಬಟ್ಟೆಗೆ ಗುರುತು ಹಾಕುವ ಕರಿಶಾಯಿ, ಎಷ್ಟು ಒಗೆದರೂ ಹೋಗದ್ದು. ನನ್ನ ನಾಲ್ಕೂ ಸೀರೆಯ ಸೆರಗಿನ ಒಳಮಗ್ಗುಲಿಗೆ, ಅಕ್ಕನ ಲಕೋಟೆ ನೋಡಿಕೊಂಡು, ಇಂಗ್ಲಿಷ್ ಅಕ್ಷರದಲ್ಲಿ ವಿಳಾಸ ಬರೆಯತೊಡಗಿದರು. ಅಪ್ಪ ಹೌಹಾರಿದರು.

"ಏನ್ ಮಾಡ್ತೀರಿ? ಹುಡುಗಿ ಏನ್ ಹಡಗಿನ ಚಾದರೇನ್ರಿ?"

"ನಾನು ಗುರುತು ಹಾಕಿದ ಒಂದೇ ಒಂದು ಚಾದರ ಇವತ್ತಿನವರೆಗೆ ಬೇರೆಯವರ ಕೋಣೆಗೆ ಹೋಗಿಲ್ಲ ಸಾವ್ಕಾರ್ರೇ. ಚೀಟಿ ಕೊಟ್ರೆ ಗಾಳಿಗೆ ಹಾರ್ತದೆ. ಸೆರಗು 'ನಾ ಬರೂದಿಲ್ಲ' ಅಂತ ಬಿಟ್ಟು ಹೋಗೂದಿಲ್ಲ."

ಅಪ್ಪ ಉಳಿದ ಸೀರೆಗಳನ್ನು ತಾವೇ ಬಿಡಿಸಿ ಹಿಡಿದರು. ಆದರೆ ಸುದ್ದಿ ಹೋಟೆಲು ಮುಟ್ಟಿತು. ಮರುದಿನ ಹುಬ್ಬಳ್ಳಿ ಬಸ್ಸು ಹತ್ತುವಾಗ ಹೋಟೆಲಿನವರು ಎಲ್ಲರಿಗೂ ಕೇಳುವ ಹಾಗೆ, "ಹುಡುಗಿ ಕಳೆದುಹೋದ್ರೆ ಇವನ ಶಾಯಿ ಕುಡಿಸಿ ಇವನನ್ನೇ ಕಳಿಸುವಾ ಹುಡುಕಲಿಕ್ಕೆ" ಅಂದರು. ಕಾಕಾ ನಗಲಿಲ್ಲ. ನನ್ನ ಸೆರಗಿನ ಶಾಯಿ ಒಣಗಿದೆಯೋ ಅಂತ ಮತ್ತೊಮ್ಮೆ ಮುಟ್ಟಿ ನೋಡಿದರು. ಆ ಹೊತ್ತಿಗೆ ನನಗೆ ಒಂದು ಗೊತ್ತಾಯಿತು. ನಾನು ದಾರಿ ತಪ್ಪಿದರೆ ಅಕ್ಕ ಒಬ್ಬಳೇ ಆಗುತ್ತಾಳೆ. ಈ ಮನುಷ್ಯನಿಗೂ ಶಿರಸಿಯಲ್ಲಿ ತಲೆ ಎತ್ತಲಿಕ್ಕೆ ಆಗುವುದಿಲ್ಲ.

ಹಡಗಿನ ಸುದ್ದಿ ಬಿಡುತ್ತೇನೆ, ಬರೆದರೆ ವಾಂತಿಯದೇ ಒಂದು ಪುರಾಣ ಆಗುತ್ತದೆ. ಜಿಬ್ರಾಲ್ಟರಿನಲ್ಲಿ ಬೊಂಬಾಯಿಯವರು ನನ್ನನ್ನು ದೋಣಿಹಡಗಿಗೆ ಹತ್ತಿಸಿ ಕೈ ಬೀಸಿದರು. ಸ್ಪೇನಿನ ಬಂದರಿನಲ್ಲಿ ಇಳಿದೆ. ಅಲ್ಹೆಸಿರಾಸ್ ಅಂತ ಅದರ ಹೆಸರು. ಒಂದು ಟ್ರಂಕು, ಒಂದು ಖಾರದ ಪುಡಿಯ ಡಬ್ಬಿ, ಒಂದು ತಂಬಿಗೆ, ನಾನು. ಭಾವ ಎಲ್ಲೂ ಕಾಣಲಿಲ್ಲ.

ಬಂದರಿನ ಗೋಡೆಯ ಗಡಿಯಾರದ ಎದುರು ಟ್ರಂಕಿನ ಮೇಲೆ ಕೂತೆ. ದೊಡ್ಡ ಮುಳ್ಳು ಒಂದು ಸುತ್ತು ಬಂತು. ಭಾವ ಬರಲಿಲ್ಲ. ಎರಡನೇ ಗಂಟೆ ಕಾಯಬಾರದು. ಎದ್ದುಬಿಟ್ಟೆ! ಕಿತ್ತಳೆ ಮಾರುವ ಹೆಂಗಸಿಗೆ ಸೆರಗು ತಿರುಗಿಸಿ ತೋರಿಸಿ ರೈಲು ಎಲ್ಲಿ ಅಂತ ಸನ್ನೆ ಮಾಡಿದೆ, ಒಂದು ಕಡೆ ಕೈ ಮಾಡಿದಳು. ಮೀನಿನವಳು ಇನ್ನೊಂದು ಕಡೆ ಮಾಡಿದಳು. ಹೂ ಮಾರುವವಳು ಕಿತ್ತಳೆಯವಳ ಕಡೆಗೇ ಮಾಡಿದಳು. ಅತ್ತ ಹೋದೆ, ರೈಲು ನಿಲ್ದಾಣ ಅಲ್ಲೇ ಇತ್ತು. ಟಿಕೆಟಿನ ಕಿಟಕಿಯವ ಸೆರಗಿನ ವಿಳಾಸ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿ, ಮತ್ತೆ ಸೆರಗು ಓದಿದ. ಭಾವ ಮೊದಲೇ ಕಳಿಸಿದ್ದ ಆ ದೇಶದ ನೋಟು ಕೊಟ್ಟೆ. ಟಿಕೆಟು ಬಂತು.

ಮೂರನೇ ಕ್ಲಾಸಿನ ಡಬ್ಬಿ, ಮರದ ಹಲಗೆಯ ಸೀಟು. ಒಳಗೆ ಎಂಟು ಜನ. ಬಾಗಿಲಲ್ಲಿ ನಿಂತು, ಸಿದ್ದಾಪುರದ ಬಸ್ಸು ನೆನೆದು, ಜೋರಾಗಿ "ಬ್ವೇನಾಸ್ ತಾರ್ದೇಸ್" ಅಂದೆ. ಎಂಟೂ ಜನ ಒಂದೇ ಬಾಯಲ್ಲಿ "ಬ್ವೇನಾಸ್ ತಾರ್ದೇಸ್!" ಅಂದರು. ಮುದುಕಿ ಒಬ್ಬಳು ಸರಿದು ತನ್ನ ಪಕ್ಕ ಜಾಗ ಮಾಡಿದಳು. ನನ್ನ ಹಣೆಯ ವಿಭೂತಿ ನೋಡಿ ಎದೆ ಮುಟ್ಟಿಕೊಂಡು ಏನೋ ಪ್ರಾರ್ಥನೆ ಅಂದಳು. ಅವರಲ್ಲೂ ವರ್ಷಕ್ಕೊಂದು ದಿನ ಹಣೆಗೆ ಬೂದಿ ಹಚ್ಚುತ್ತಾರೆ ಅಂತ ಆಮೇಲೆ ತಿಳಿಯಿತು. ರೊಟ್ಟಿ ಕೊಟ್ಟರು, ಬೇಡ ಅಂದೆ. ಮತ್ತೆ ಕೊಟ್ಟರು, ತೆಗೆದುಕೊಂಡೆ. ನಾನು ಖಾರದ ಅವಲಕ್ಕಿ ಕೊಟ್ಟೆ, ಒಬ್ಬ ಗಂಡಸು ತಿಂದು ಟೋಪಿಯಿಂದ ಗಾಳಿ ಹಾಕಿಕೊಂಡ, ಉಳಿದವರು ನಕ್ಕರು. ಕಾಕಾ ಹೇಳಿದ ಒಂದೊಂದೂ ಗುರಿ ಮುಟ್ಟುತ್ತಿತ್ತು.

ಆಮೇಲೆ ಮುದುಕಿ ಸೀಟಿನ ಕೆಳಗಿನಿಂದ ಒಂದು ಮಣ್ಣಿನ ಹೂಜಿ ತೆಗೆದಳು. ನಮ್ಮ ಗಿಂಡಿಗೆ ಇರುವ ಹಾಗೆ ಅದಕ್ಕೆ ಒಂದು ಸಣ್ಣ ಮೂತಿ. ಮೊದಲು ನನಗೇ ಹಿಡಿದಳು. ನಾನು ಹೊಟ್ಟೆ ಮುಟ್ಟಿಕೊಂಡು ತಲೆ ಅಲ್ಲಾಡಿಸಿದೆ. ಎರಡನೇ ಸಲ ಹಿಡಿದಳು. ಅಲ್ಲಾಡಿಸಿದೆ. ಮೂರನೇ ಸಲ ಹಿಡಿದಾಗಲೂ ಬೇಡ ಅಂದೆ. ಹೊರಗೆ ಬಿಸಿಲು ಹಂಚು ಕಾದ ಹಾಗೆ, ನನ್ನ ತಂಬಿಗೆ ಖಾಲಿಯಾಗಿ ಎಷ್ಟು ಹೊತ್ತಾಗಿತ್ತೋ, ತುಟಿ ಒಡೆದಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು. ಬಾಯಾರಿದವಳು ನಮ್ಮ ನೀರು ಒಲ್ಲೆ ಅನ್ನುತ್ತಾಳೆ ಅಂತ ಅವರಿಗೆ ಅನಿಸಿತು. ನನ್ನ ಕಡೆ ನೋಡುತ್ತಿದ್ದವರು ಕಿಟಕಿಯ ಕಡೆ ತಿರುಗಿದರು. ನಮ್ಮ ಬಾಗಿಲಿಗೆ ಬಂದವರು, ಬಾಯಾರಿಕೆಗೆ ಅಂತ ನಾವು ಕೊಟ್ಟ ಆಸರಿ ನೀರು ದೂಡಿದರೆ ನಮಗೆ ಹೇಗಾಗುತ್ತದೆ? ಅದೇ ಮುಖ ಅವರದ್ದು. ಕಾಕಾ ಹೇಳಿದ ಹಾಗೆಯೇ ಮಾಡಿದ್ದೆ. ಆದರೂ ಎಲ್ಲ ಕೆಟ್ಟಿತ್ತು.

ಮುದುಕಿ ನಿಟ್ಟುಸಿರು ಬಿಟ್ಟು ತಾನೇ ಕುಡಿಯಲಿಕ್ಕೆ ಹೂಜಿ ಎತ್ತಿದಳು. ಎತ್ತಿದಳು, ಎತ್ತಿದಳು, ತಲೆಗಿಂತ ಮೇಲೆ ಎತ್ತಿದಳು! ಸಣ್ಣ ಮೂತಿಯಿಂದ ನೀರು ದಾರದ ಹಾಗೆ ಇಳಿದು ನೆಟ್ಟಗೆ ಅವಳ ಬಾಯಿಗೆ ಬಿತ್ತು. ತುಟಿ ಮೂತಿಗೆ ತಾಗಲೇ ಇಲ್ಲ.

ಅಯ್ಯೋ ಶಿವನೇ, ಇದು ನಮ್ಮದೇ ಅಲ್ಲವೇ! ನಮ್ಮ ಮನೆಯಲ್ಲಿ ಮೂರು ವರ್ಷದ ಕೂಸು ತಂಬಿಗೆ ಎತ್ತಿ ಕುಡಿಯುತ್ತದೆ, ತುಟಿಗೆ ತಾಗಿಸಿದರೆ ಬೆನ್ನಿಗೆ ಗುದ್ದು ಬೀಳುತ್ತದೆ. ನಾನು ಎರಡೂ ಕೈ ಚಾಚಿದೆ. ಮುದುಕಿ ಬೆರಗಾಗಿ ಹೂಜಿ ಕೊಟ್ಟಳು. ಎದುರಿನ ಹುಡುಗ ಒದ್ದೆಯಾದೇನು ಅಂತ ಮೊಣಕಾಲು ಹಿಂದಕ್ಕೆ ಎಳೆದುಕೊಂಡ. ಪರದೇಶದವರು ಅದನ್ನು ಎತ್ತಿದರೆ ಮೈಯೆಲ್ಲ ಸ್ನಾನ ಅಂತ ಅವರಿಗೆ ಗೊತ್ತಿತ್ತು. ನಾನು ತಲೆ ಹಿಂದಕ್ಕೆ ಹಾಕಿ ಹೂಜಿ ಎತ್ತಿದೆ. ಮುದುಕಿಗಿಂತ ಒಂದು ಗೇಣು ಮೇಲೆಯೇ ಎತ್ತಿದೆ. ಗಟಗಟ ಗಟಗಟ! ಸೆರಗಿನ ಮೇಲೆ ಒಂದು ಹನಿ ಇಲ್ಲ, ಗದ್ದದ ಮೇಲೆ ಒಂದು ಹನಿ ಇಲ್ಲ.

ಡಬ್ಬಿಯೇ ಎದ್ದು ನಿಂತಿತು. ಚಪ್ಪಾಳೆ, ಕೂಗು. ಪಕ್ಕದ ಡಬ್ಬಿಯವರು ಬಂದು ಇಣುಕಿದರು, ಅವರಿಗಾಗಿ ಇನ್ನೊಮ್ಮೆ ಕುಡಿದು ತೋರಿಸಬೇಕಾಯಿತು. ಮುದುಕಿ ನನ್ನ ಎರಡೂ ಕೆನ್ನೆಗೆ ಮುದ್ದು ಕೊಟ್ಟಳು. ಆ ಮೇಲೆ ನಾನು ಅವಳ ಮಗಳೇ ಆದೆ. ಸೆರಗು ಓದಿಸಿದಳು. "ಎರ್ಮಾನಾ" ಅಂದೆ, ಅಕ್ಕತಂಗಿ ಅಂತ ಅರ್ಥ. ಹೊಟ್ಟೆಯ ಮೇಲೆ ಕೈ ಮಾಡಿ ಬಸುರಿ ಅಂತ ತೋರಿಸಿದೆ. ಅವಳಿಗೆ ಎಲ್ಲ ತಿಳಿಯಿತು.

ಅರ್ಧ ದಾರಿಯಲ್ಲಿ ಒಂದು ಜಂಕ್ಷನ್. ಅಲ್ಲಿ ಗಾಡಿ ಬದಲಿಸಬೇಕು ಅಂತ ನನಗೆ ಯಾರು ಹೇಳಿದ್ದರು? ನನ್ನಷ್ಟಕ್ಕೆ ಕೂತಿದ್ದರೆ ಆ ಗಾಡಿ ನನ್ನನ್ನು ಯಾವ ಊರಿಗೆ ಒಯ್ಯುತ್ತಿತ್ತೋ. ಮುದುಕಿಯೇ ಕೈ ಹಿಡಿದು ಇಳಿಸಿದಳು, ಅವಳೂ ಮ್ಯಾಡ್ರಿಡ್ಡಿಗೇ ಹೋಗುವವಳು. ಎದುರಿನ ಸೀಟಿನ ಆ ಹುಡುಗ ನನ್ನ ಟ್ರಂಕು ಹೊತ್ತು ಓಡಿದ.

ಮರುದಿನ ಬೆಳಿಗ್ಗೆ ಅವಳು ಅಕ್ಕನ ಮನೆಯ ಬಾಗಿಲು ತಟ್ಟಿದಳು. ಬೀಗ. ನೆರೆಯವರು ಆಸ್ಪತ್ರೆ ಅಂದರು. ಮುದುಕಿ ನನ್ನನ್ನು ಎಳೆದುಕೊಂಡೇ ಹೋದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಭಾವ ತಲೆ ಹಿಡಿದು ಕೂತಿದ್ದ. ಅಕ್ಕನಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು, ಬಿಟ್ಟು ಬರಲಿಕ್ಕೆ ಆಗಿರಲಿಲ್ಲ. ಬಂದರಿಗೆ ತಾರು ಕೊಟ್ಟಿದ್ದನಂತೆ, ಅದು ನನ್ನ ಕೈಗೆ ಬರಲಿಲ್ಲ. ನನ್ನನ್ನು ಕಂಡು ಭೂತ ಕಂಡ ಹಾಗೆ ಎದ್ದ. "ನೀ... ಒಬ್ಬಾಕಿನ... ಹೆಂಗ ಬಂದಿ?"

ನರ್ಸು ಒಳಗೆ ಬಿಡಲಿಲ್ಲ. ಮುದುಕಿ ಅವಳಿಗೆ ಏನು ಬೈದಳೋ ಕಾಣೆ, ಬಾಗಿಲು ತೆರೆಯಿತು. ಅಕ್ಕ ನನ್ನ ಕೈ ಹಿಡಿದಳು, ಬಿಡಲಿಲ್ಲ. ಆ ಮಧ್ಯಾಹ್ನ, ಇಡೀ ಊರು ಬಾಗಿಲು ಹಾಕಿ ಮಲಗಿದ್ದ ಹೊತ್ತಿನಲ್ಲಿ, ಅಕ್ಕನ ಹೆಣ್ಣುಕೂಸು ಗಟ್ಟಿಯಾಗಿ ಅತ್ತಿತು. ಹತ್ತು ದಿನ ದಾಟಿತು. ನಲವತ್ತು ದಿನ ದಾಟಿತು. ನಾನು ದಿನಾ ಕಾಲ ಮೇಲೆ ಹಾಕಿಕೊಂಡು ಎರೆದೆ. ಈಗ ಆ ಕೂಸಿಗೂ ಮೊಮ್ಮಕ್ಕಳು!

ಭಾವನ ಕಾಗದ ಶಿರಸಿಗೆ ಹೋದ ದಿನ ಅಪ್ಪ ಅಂಗಡಿ ತೆರೆದಿಟ್ಟೇ ರಸ್ತೆ ದಾಟಿ ಓಡಿದರಂತೆ, ಕೈಯಲ್ಲಿ ಬೆಲ್ಲದ ಅಚ್ಚು. ಕಾಕಾ ಇಸ್ತ್ರಿ ನಿಲ್ಲಿಸದೆ ಕೇಳಿದ್ದು ಒಂದೇ: "ಬಂದರಿಗೆ ಯಾರು ಹೋಗಿದ್ರು?" ಅಪ್ಪ, "ಯಾರೂ ಹೋಗಿದ್ದಿಲ್ರಿ" ಅಂದರು. ಕಾಕಾ ಅಪ್ಪನ ಮುಖ ನೋಡುತ್ತ ನಿಂತರು. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ಪೆಟ್ಟಿಗೆ ಎತ್ತಿದರು. ಅವರ ಜನ್ಮದಲ್ಲಿ ಸುಟ್ಟದ್ದು ಅದೊಂದೇ ಅಂಗಿ.

ಆದರೂ ಹೋಟೆಲಿನವರು ಸೋಲಲಿಲ್ಲ. "ಹುಡುಗಿ ಚುರುಕು, ಮುಟ್ಟಿತು. ಇವನದ್ದೇನು ಅದರಲ್ಲಿ?" ಅಂದರು.

ಒಂದೂವರೆ ವರ್ಷದ ಮೇಲೆ ನಾನು ಊರಿಗೆ ಬಂದೆ. ಮನೆಗೆ ಹೋಗುವ ಮೊದಲು ಇಸ್ತ್ರಿ ಅಂಗಡಿಗೆ ಹೋದೆ. ಕಾಲಿಗೆ ಬಿದ್ದೆ. ಅವರು ಹೇಗಿದ್ದೀ ಅನ್ನಲಿಲ್ಲ, ದೇಶ ಹೇಗಿತ್ತು ಅನ್ನಲಿಲ್ಲ.

"ನಾನು ಎಲ್ಲಿ ತಪ್ಪಿದೆ, ಅದನ್ನ ಹೇಳು ಮೊದಲು."

"ಎಲ್ಲಾ ಬರೋಬ್ಬರಿ ಇತ್ತ್ರಿ ಕಾಕಾ."

"ಸುಳ್ಳು ಹೇಳಬೇಡ ತಂಗಿ. ನಾಳೆ ಇನ್ನೊಬ್ಬರು ಹೋಗುವವರು ಬಂದ್ರೆ ಅವರಿಗೂ ಅದೇ ತಪ್ಪು ಹೇಳ್ತೇನೆ."

ಹೂಜಿಯ ಕತೆ ಹೇಳಿದೆ. ಮೂರು ಸಲ ಬೇಡ ಅಂದದ್ದು, ಡಬ್ಬಿ ಮುಖ ತಿರುಗಿಸಿದ್ದು, ಎಲ್ಲ. ನೋವಾಗುತ್ತದೆ ಅಂತ ಹೆದರುತ್ತ ಹೇಳಿದೆ. ಕಾಕಾ ಬಲಗಿವಿ ನನ್ನ ಕಡೆ ಮಾಡಿಕೊಂಡು ಕೇಳಿದರು. "ಎತ್ತಿ ಕುಡೀತಾರಾ? ನಮ್ಮ ಹಾಗೇ?" ಅಂತ ನಾಲ್ಕು ಸಲ ಕೇಳಿದರು. ಆಮೇಲೆ ತೊಡೆ ತಟ್ಟಿಕೊಂಡು ಎದ್ದವರು ಬೀದಿಗೇ ಇಳಿದರು. ಪಾತ್ರೆ ಅಂಗಡಿಯವರಿಗೆ ಹೇಳಿದರು, ಬಳೆಯವರಿಗೆ ಹೇಳಿದರು, ದಾರಿಯಲ್ಲಿ ಸಿಕ್ಕ ಸಿದ್ದಾಪುರದ ಬಸ್ಸಿನ ಕಂಡಕ್ಟರಿಗೆ ಹೇಳಿದರು: "ನಾನು ತಪ್ಪು ಹೇಳಿದ್ದೆ ಮಾರಾಯಾ! ಅರ್ಜೆಂಟೀನಾ ನೋಡಿ ಸ್ಪೇನಿಗೆ ಲೆಕ್ಕ ಹಾಕಿದ್ದೆ. ಅಲ್ಲಿಯವರು ಎತ್ತಿ ಕುಡೀತಾರಂತೆ!" ಗೆದ್ದವರು ಡಂಗುರ ಹೊಡೆದ ಹಾಗೆ ತಮ್ಮ ತಪ್ಪಿನ ಡಂಗುರ ಹೊಡೆದರು. ನಾನು ಟ್ರಂಕು ರಸ್ತೆಯಲ್ಲೇ ಬಿಟ್ಟು ಅವರ ಹಿಂದೆ ಓಡಿದೆ.

ಕಡೆಗೆ ಹೋಟೆಲಿಗೆ ನುಗ್ಗಿದರು. ಬೆಂಚು ತುಂಬ ಜನ. "ಕೇಳಿ ಇಲ್ಲಿ, ನಾನು ಹೇಳಿದ ಪಾಠದಲ್ಲಿ ಒಂದು ತಪ್ಪು ಉಂಟು!" ಅಂತ ಎಲ್ಲರ ಎದುರು ಅದೇ ಕತೆ ಮತ್ತೆ ಹೇಳಿದರು. ಹೋಟೆಲಿನವರು ಸೌಟು ಹಿಡಿದು ಕೇಳುತ್ತ ನಿಂತಿದ್ದರು. ಒಮ್ಮೆ ಕಾಕಾನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ನಾನು ಹೌದು ಅಂತ ಗೋಣು ಹಾಕಿದೆ.

"ಒಂದೇ ತಪ್ಪಾ?" ಅಂದರು.

"ಒಂದೇ" ಅಂದೆ.

ಹೋಟೆಲಿನವರು ಸೌಟು ಕೆಳಗಿಟ್ಟರು. ದನಿ ಸಣ್ಣದಾಗಿತ್ತು. "ಹಾಗಾದ್ರೆ ಉಳಿದದ್ದೆಲ್ಲಾ ಖರೇ ಏನೋ ಮಾರಾಯಾ?"

ಕಾಕಾ ಬೆಂಚಿನವರನ್ನು ಸರಿಸಿ ನಟ್ಟನಡುವೆ ಕೂತರು. "ಮೊದಲು ಚಾ ತಾ" ಅಂದರು. ಹೋಟೆಲಿನವರು ತಾವೇ ಚಹಾ ತಂದು ಅವರ ಮುಂದೆ ಇಟ್ಟು, ಒಲೆಯ ಕಡೆ ಹೋಗದೆ ಕತೆ ಕೇಳಲಿಕ್ಕೆ ಅಲ್ಲೇ ಕೂತುಕೊಂಡರು, ಕಾಕಾನ ಬಲಗಿವಿಯ ಕಡೆಗೆ.